ಬಲಗಡೆ ಎರಡೂವರೆ ಇಂಚು ಜಾಸ್ತಿ

ನಂಜನಗೂಡಿನಲ್ಲಿ ಅಪ್ಪನ ಟೈಲರಿಂಗ್ ಅಂಗಡಿ ಕೊರೊನಾ ವರ್ಷದಲ್ಲಿ ಮುಚ್ಚಿತು. ಮಷೀನು ಮಾರಿದೆವು, ಕತ್ತರಿಗಳನ್ನು ಅಪ್ಪ ಇಟ್ಟುಕೊಂಡರು. ಅಳತೆ ಪುಸ್ತಕಗಳನ್ನು ಮಾತ್ರ ಏನು ಮಾಡುವುದೆಂದು ತಿಳಿಯದೆ ಅಟ್ಟದ ಮೇಲೆ ಹಾಕಿದ್ದೆವು. ಮೊನ್ನೆ ಅಟ್ಟ ಗುಡಿಸುವಾಗ ಒಂದು ಪುಸ್ತಕ ತೆರೆದುಕೊಂಡಿತು. 2003ರದ್ದು. ಅಪ್ಪನ ದುಂಡು ಅಕ್ಷರದಲ್ಲಿ ಉದ್ದ, ಎದೆ, ಭುಜ, ತೋಳು ಎಂದೆಲ್ಲ ಬರೆದು, ಕೊನೆಗೆ ಒಂದು ಸಾಲು: ‘ಬಲಗಡೆ ಎರಡೂವರೆ ಇಂಚು ಜಾಸ್ತಿ. ಗುಂಡಿ.’

ಹೆಸರು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನನಗೆ ಗೊತ್ತಿತ್ತು.

ಅವರು ತಿರುಮಕೂಡಲು ನರಸೀಪುರದ ಕಡೆಯವರು. ಅಕ್ಕಿ ಗಿರಣಿ ಇತ್ತು. ಸುಗ್ಗಿ ಸಮಯದಲ್ಲಿ ಭತ್ತ ಕೊಳ್ಳಲು ದುಡ್ಡಿನ ಚೀಲ ಹಿಡಿದು ಊರೂರು ತಿರುಗುತ್ತಿದ್ದರು. ನಂಜನಗೂಡಿಗೆ ಬಂದರೆ ಶ್ರೀಕಂಠೇಶ್ವರನಿಗೆ ಕೈಮುಗಿದು, ರಸಬಾಳೆ ಸಿಕ್ಕರೆ ಒಂದು ಚಿಪ್ಪು ಕೊಂಡು, ಅಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತು ಕಾಫಿ ಕುಡಿದು ಹೋಗುವುದು ರೂಢಿ. ಅಪ್ಪನನ್ನು ‘ಮಾಸ್ಟ್ರೇ’ ಅನ್ನುತ್ತಿದ್ದರು, ಅಪ್ಪ ಅವರನ್ನು ‘ಯಜಮಾನ್ರೇ’ ಅನ್ನುತ್ತಿದ್ದರು. ಆ ದಿನ ಅವರು ಬಂದವರೇ ಗಿರಾಕಿಗಳೆಲ್ಲ ಹೋಗುವವರೆಗೂ ಕಾದರು. ಆಮೇಲೆ ತಗ್ಗಿದ ದನಿಯಲ್ಲಿ, “ಮಾಸ್ಟ್ರೇ, ಒಂದು ಸಾಮಾನು ತಕೊಂಡಿದೀನಿ. ಅದು ಕಾಣದಂಗೆ ಬಟ್ಟೆ ಹೊಲಿದುಕೊಡಬೇಕಲ್ಲ” ಅಂದರು.

ಸಾಮಾನು ಎಂದರೆ ರಿವಾಲ್ವರು. ಕಾನ್ಪುರದ ಸರ್ಕಾರಿ ಕಾರ್ಖಾನೆಯದು, ಪಾಯಿಂಟ್ 32 ಬೋರಿನದು, ಆರು ತೋಟಾ ಹಿಡಿಯುವಂಥದ್ದು. ನಮ್ಮಲ್ಲಿ ಸಾಮಾನ್ಯರಿಗೆ ಲೈಸೆನ್ಸ್ ಸಿಗುವ ಕೈಬಂದೂಕು ಎಂದರೆ ಹೆಚ್ಚಾಗಿ ಈ ಅಳತೆಯದೇ. 9 ಎಂಎಂ, ಪಾಯಿಂಟ್ 38 ಇವೆಲ್ಲ ಪೊಲೀಸರದು, ಸೇನೆಯದು. ಸಿನಿಮಾದ ಪಿಸ್ತೂಲನ್ನು ಕಲ್ಪಿಸಿಕೊಂಡಿದ್ದ ನನಗೆ ಅದು ಕಂಡಾಗ ನಿರಾಸೆಯಾಯಿತು. ಉದ್ದ ಏಳು ಇಂಚಿನ ಆಸುಪಾಸು. ತೂಕ ಮಾತ್ರ 700 ಗ್ರಾಂ, ತೋಟಾ ತುಂಬಿದರೆ ಇನ್ನೂ ಸ್ವಲ್ಪ ಜಾಸ್ತಿ. ಅಪ್ಪ ಅದನ್ನು ಮುಟ್ಟಲಿಲ್ಲ. “ಮೊದಲು ಲೈಸೆನ್ಸ್ ಬುಕ್ ತೋರಿಸಿ ಯಜಮಾನ್ರೇ” ಅಂದರು. ಡಿ.ಸಿ. ಆಫೀಸಿನ ಮೊಹರು ನೋಡಿದ ಮೇಲೆ, “ಗುಂಡೆಲ್ಲ ತೆಗೆದು ಟೇಬಲ್ ಮೇಲೆ ಮಡಗಿ” ಅಂದು ಟೇಪು ಎತ್ತಿಕೊಂಡರು. ಅದರ ಉದ್ದ, ಹಿಡಿಯ ಅಗಲ, ನಡುವೆ ಉಬ್ಬಿದ ತೋಟಾ ತಿರುಗುವ ಗಾಲಿಯ ಸುತ್ತಳತೆ, ಎಲ್ಲವನ್ನೂ ಯಾವುದೋ ಕೂಸಿನ ಅಂಗಿಗೆ ಅಳತೆ ತೆಗೆಯುವ ಹಾಗೆ ತೆಗೆದರು.

ಯಜಮಾನರು ಅಷ್ಟರಲ್ಲಾಗಲೇ ಎಲ್ಲ ಪ್ರಯೋಗವನ್ನೂ ಮಾಡಿ ಸೋತಿದ್ದರು. ಮೊದಲು ಪಟಾಪಟಿ ಚಡ್ಡಿಯ ಜೇಬಿನಲ್ಲಿಟ್ಟು ಮೇಲೆ ಪಂಚೆ ಉಟ್ಟರಂತೆ. ಹತ್ತು ಹೆಜ್ಜೆ ನಡೆಯುವುದರಲ್ಲಿ ಚಡ್ಡಿಯೇ ಜಾರಿತು. ಬೆಲ್ಟು ಬಿಗಿದು ಅದಕ್ಕೆ ಸಿಕ್ಕಿಸಿದರೆ ಚಡ್ಡಿ ನಿಂತಿತು, ಆದರೆ ತೆಗೆಯಬೇಕಾದರೆ ಪಂಚೆ ಎತ್ತಬೇಕು. “ನಾಲ್ಕು ಜನದ ಮುಂದೆ ಪ್ರಾಣ ಉಳಿಸ್ಕಳದಾ, ಮಾನ ಉಳಿಸ್ಕಳದಾ ಹೇಳಿ” ಅಂದು ಅವರೇ ನಕ್ಕರು. ಪ್ಯಾಂಟು ಹಾಕಿ ಇನ್‌ಶರ್ಟ್ ಮಾಡಿದರೆ ಊರಿಗೆಲ್ಲ ಕಾಣುತ್ತದೆ. ಅಂಗಿ ಹೊರಗೆ ಬಿಟ್ಟರೆ ಸ್ಕೂಟರ್ ಮೇಲೆ ಕೂತಾಗ ಮೇಲೇರುತ್ತದೆ. ಮೇಲಾಗಿ ಅವರ ಅಂಗಿಗಳೆಲ್ಲ ಬಿಳಿ ಟೆರಿಕಾಟ್. ಬಿಸಿಲಿಗೆ ನಿಂತರೆ ಒಳಗಿನ ಕಪ್ಪು ಎದ್ದು ಕಾಣುತ್ತಿತ್ತು.

ಅಪ್ಪ ಅವತ್ತು ಹೇಳಿದ್ದು ನೆನಪಿದೆ: “ಯಜಮಾನ್ರೇ, ಸಾಮಾನು ತಕೊಳಕ್ಕೆ ಮುಂಚೆ ನೀವು ದಿನಾ ಯಾವ ಬಟ್ಟೆ ಹಾಕ್ತೀರಿ ಅಂತ ಯೋಚ್ನೆ ಮಾಡ್ಬೇಕಾಗಿತ್ತು. ಈಗ ಅದಕ್ಕೆ ತಕ್ಕಂಗೆ ನೀವೇ ಬದಲಾಗ್ಬೇಕು.”

ಹೀಗೆ ಯಜಮಾನರು ಜುಬ್ಬಕ್ಕೆ ಬಂದರು. ಅಪ್ಪ ದಪ್ಪನೆಯ ಖಾದಿಯನ್ನೇ ಆರಿಸಿದರು, ತೆಳು ಬಟ್ಟೆ ಮೈಗೆ ಅಂಟುತ್ತದೆಂದು. ಬಣ್ಣ ಮಣ್ಣಿನದು. ಆದರೆ ಮಾಮೂಲಿ ಜೇಬು ಪಕ್ಕದ ಹೊಲಿಗೆಗೆ ಜೋತುಬಿದ್ದಿರುತ್ತದೆ, ಮುಕ್ಕಾಲು ಕೆಜಿ ಭಾರಕ್ಕೆ ಜುಬ್ಬವೇ ಒಂದು ಕಡೆ ವಾಲುತ್ತದೆ. ಅಪ್ಪ ಒಳಗಡೆ ಅಗಲವಾದ ಪಟ್ಟಿಯೊಂದನ್ನು ಭುಜದಿಂದ ಇಳಿಬಿಟ್ಟು, ಜೇಬನ್ನು ಅದಕ್ಕೆ ತೂಗುಹಾಕಿದರು. ಭಾರವೆಲ್ಲ ಭುಜಕ್ಕೆ ಹೋಗಬೇಕು, ಬಟ್ಟೆಗೆ ಹೋಗಬಾರದು ಎನ್ನುವುದು ಲೆಕ್ಕ. ಕುದುರೆ ಬಟ್ಟೆಗೆ ಸಿಕ್ಕಿಕೊಳ್ಳದಿರಲೆಂದು ಚಪ್ಪಲಿ ಹೊಲಿಯುವವರ ಹತ್ತಿರ ಚರ್ಮದ ತುಂಡು ತಂದು ಜೇಬಿನೊಳಗೆ ಕೂರಿಸಿದರು. ಬಲಗಡೆ ಎರಡೂವರೆ ಇಂಚು ಬಟ್ಟೆ ಹೆಚ್ಚು ಬಿಟ್ಟು, ಅನುಮಾನ ಬರಬಾರದೆಂದು ಎಡಗಡೆಯೂ ಕೊಂಚ ಸಡಿಲ ಬಿಟ್ಟರು. ಅಂಗಡಿಯಲ್ಲಿ ರಿವಾಲ್ವರ್ ಇಟ್ಟುಕೊಳ್ಳುವಂತಿರಲಿಲ್ಲವಲ್ಲ. ಪಕ್ಕದ ದಿನಸಿ ಅಂಗಡಿಯಿಂದ ಮುಕ್ಕಾಲು ಕೆಜಿ ಬೆಲ್ಲ ತೂಗಿಸಿ ತರುವಂತೆ ನನ್ನನ್ನು ಓಡಿಸಿದರು. ಆ ಜುಬ್ಬದ ಮೊದಲ ಟ್ರಯಲ್ ಆದದ್ದು ಬೆಲ್ಲದಚ್ಚಿನೊಂದಿಗೆ. ಸಂಜೆ ಅವ್ವ ಅದನ್ನೇ ಕುಟ್ಟಿ ಪಾಯಸಕ್ಕೆ ಹಾಕಿದರು.

ಕೊನೆಗೆ ಅಪ್ಪ ಜೇಬಿನ ಬಾಯಿಗೆ ಮುಚ್ಚಳ ಇಟ್ಟು ಗುಂಡಿ ಹಾಕಿದರು. ಯಜಮಾನರಿಗೆ ಅದು ಹಿಡಿಸಲಿಲ್ಲ. “ಗುಂಡಿ ಬಿಚ್ತಾ ಕೂತ್ರೆ ಕಳ್ಳ ಕಾಯ್ತಾನಾ ಮಾಸ್ಟ್ರೇ? ಅದೂ ಕಾಜ ಬಿಗಿ ಐತೆ.” ಅಪ್ಪ, “ಬಗ್ಗಿದಾಗ ಬೀಳಬಾರದಲ್ಲ. ನಾಲ್ಕು ಒಗೆತ ಆದ್ರೆ ಸಡಿಲ ಆಯ್ತದೆ” ಅಂದರು.

ಸಡಿಲವಾಗುವ ಮೊದಲೇ ಅದು ನಡೆದುಹೋಯಿತು. ಒಂದು ಸಂಜೆ ನಂಜನಗೂಡಿನಿಂದ ನರಸೀಪುರಕ್ಕೆ ಹಿಂದಿರುಗುವಾಗ ನಾಲೆ ಏರಿಯ ಹತ್ತಿರ ಮೂವರು ಅಡ್ಡಗಟ್ಟಿದರು. ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದರು. ಯಜಮಾನರು ಜುಬ್ಬದ ಸೀಳಿನೊಳಗೆ ಕೈ ಹಾಕಿದರು. ಗುಂಡಿ ಬರಲಿಲ್ಲ. ದೊಣ್ಣೆ ಏಟು ಮುಂಗೈಗೆ ಬಿತ್ತು. ಚೀಲ ಹೋಯಿತು.

ವಾರದ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಜುಬ್ಬವನ್ನು ಅಪ್ಪನ ಮಷೀನಿನ ಮೇಲೆ ಎಸೆದರು. “ನನ್ನ ಸಾಯಿಸ್ತಿದ್ದೆ ಕಣಯ್ಯ ನೀನು” ಅಂದರು. ಮಾಸ್ಟ್ರೇ ಅನ್ನುತ್ತಿದ್ದ ಬಾಯಿ. ಅಪ್ಪ ಮಾತಾಡಲಿಲ್ಲ. ಯಜಮಾನರು ಮತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಎಷ್ಟೋ ರಾತ್ರಿ ಜಗುಲಿಯ ಮೇಲೆ ಕೂತಿರುತ್ತಿದ್ದರು. ಒಂದು ಕಾಜ ಎರಡು ಎಳೆ ಬಿಗಿಯಾದರೆ ಒಬ್ಬ ಮನುಷ್ಯ ಸಾಯಬಹುದು ಎನ್ನುವುದು ಮೂವತ್ತು ವರ್ಷ ಹೊಲಿದ ಕೈಗೆ ಅದುವರೆಗೂ ಗೊತ್ತಿರಲಿಲ್ಲ.

ನಾನು ಓದಲು ಮೈಸೂರಿಗೆ ಹೋದೆ. ಹಾಸ್ಟೆಲಿನಲ್ಲಿ ಕೊಡಗಿನ ಗೆಳೆಯನೊಬ್ಬನಿದ್ದ. ಅವನ ಮನೆಯ ಮದುವೆಗೆ ಹೋದಾಗ ಕುಪ್ಯ, ಚೇಲೆ ತೊಟ್ಟ ಗಂಡಸರನ್ನು ನೋಡಿದೆ. ನಡುವಿನ ಕೆಂಪು ರೇಷ್ಮೆ ಪಟ್ಟಿಗೆ ಪೀಚೆಕತ್ತಿಯನ್ನು ಎಲ್ಲರಿಗೂ ಕಾಣುವಂತೆ ಸಿಕ್ಕಿಸಿದ್ದರು. ಕೋವಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಅವರಿಗಿದೆ, ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ಹೂವಿಟ್ಟು ಪೂಜೆಯೂ ಇದೆ. ಅಲ್ಲಿ ಬಟ್ಟೆ ಇರುವುದೇ ಆಯುಧವನ್ನು ತೋರಿಸಲು. ನಮ್ಮಪ್ಪ ಹೊಲಿದದ್ದು ಅಡಗಿಸುವ ಬಟ್ಟೆ. ತೋರಿಸುವವನ ಭಯಕ್ಕೂ ಅಡಗಿಸುವವನ ಭಯಕ್ಕೂ ವ್ಯತ್ಯಾಸವಿದೆಯೇನೋ ಎಂದು ಅವತ್ತು ಊಟದ ಎಲೆಯ ಮುಂದೆ ಕೂತು ಯೋಚಿಸಿದ್ದೆ.

2014ರಲ್ಲಿ ಅದೇ ಕಾನ್ಪುರದಿಂದ ‘ನಿರ್ಭೀಕ್’ ಎಂಬ ರಿವಾಲ್ವರ್ ಬಂತು. ದೆಹಲಿಯ ಘಟನೆಯ ನಂತರ ಹೆಂಗಸರಿಗೆಂದೇ ಮಾಡಿದ್ದು, 500 ಗ್ರಾಂ ತೂಕ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುವಂಥದ್ದು, ಬೆಲೆ ಲಕ್ಷಕ್ಕೂ ಮೇಲೆ. ಸುದ್ದಿ ಓದಿ ಹೇಳಿದಾಗ ಅಪ್ಪ, “ಹೆಣ್ಮಕ್ಕಳ ಬಟ್ಟೆಗೆ ಒಂದು ಜೇಬು ಇಡಿ ಅಂದ್ರೆ ಇಡಕ್ಕಿಲ್ಲ, ಪಿಸ್ತೂಲನ್ನೇ ಚಿಕ್ಕದು ಮಾಡವ್ರಲ್ಲ” ಅಂದರು. ಅವ್ವ ಆಗ ಸೊಂಟಕ್ಕೆ ಸಿಕ್ಕಿಸಿದ್ದ ಪರ್ಸಿನಿಂದ ತರಕಾರಿಯವನಿಗೆ ಚಿಲ್ಲರೆ ಎಣಿಸುತ್ತಿದ್ದರು.

2017ರ ಏಪ್ರಿಲ್‌ನಲ್ಲಿ ನಂಜನಗೂಡಿಗೆ ಉಪಚುನಾವಣೆ ಬಂತು. ಚುನಾವಣೆ ಎಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಪೊಲೀಸ್ ಠಾಣೆ ಸೇರುವ ಕಾಲ. ಆ ದಿನಗಳಲ್ಲಿ ಯಜಮಾನರು ಹದಿನಾಲ್ಕು ವರ್ಷದ ಮೇಲೆ ನಮ್ಮ ಅಂಗಡಿಗೆ ಬಂದರು. ಕೂದಲು ಪೂರ್ತಿ ನೆರೆತಿತ್ತು. ಬರಿಗೈಯಲ್ಲಿದ್ದರೂ ಬಲಗಡೆಗೆ ವಾಲಿಕೊಂಡೇ ನಡೆಯುತ್ತಿದ್ದರು.

“ಮಾಸ್ಟ್ರೇ, ಒಂದು ಜುಬ್ಬ ಹೊಲೀರಿ. ಒಳಜೇಬು ಬ್ಯಾಡ” ಅಂದರು. ಆಮೇಲೆ ಅಪ್ಪ ತಂದಿಟ್ಟ ಕಾಫಿಯನ್ನು ಮುಟ್ಟದೆ ಹೇಳಿದರು: “ಅವತ್ತು ನಾಲೆ ಏರಿ ಮೇಲೆ ದೊಣ್ಣೆ ಬೀಸ್ದೋನು ಒಂದು ಮಾತಾಡ್ದ. ದನಿ ಗೊತ್ತಾಯ್ತು. ನಮ್ಮ ಗಿರಣಿ ಹಮಾಲಿ ಮಗ. ನನ್ನ ಕಣ್ಮುಂದೆ ಮೂಟೆಗಳ ಮೇಲೆ ಆಡಿ ಬೆಳೆದೋನು. ಪೊಲೀಸ್ರಿಗೂ ಹೇಳ್ನಿಲ್ಲ, ಮನೇಲೂ ಹೇಳ್ನಿಲ್ಲ. ಆ ಗುಂಡಿ ಬಂದಿದ್ರೆ ನಾನು ಹೊಡೆದುಬಿಡ್ತಿದ್ದೆ. ಈಗ ಅವನಿಗೆ ಎರಡು ಮಕ್ಳು. ಇಲ್ಲೇ ಫ್ಯಾಕ್ಟ್ರಿಗೆ ಬತ್ತಾನೆ. ಎದುರಿಗೆ ಸಿಕ್ರೆ ತಲೆ ತಗ್ಗಿಸ್ತಾನೆ.” ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮನ್ನ ಅವತ್ತು ಬೈದುಬಿಟ್ಟೆ” ಅಂದರು.

ಅಪ್ಪ ಟೇಪು ತೆಗೆದು ಅವರ ಭುಜದ ಅಳತೆ ಹಿಡಿದರು.

ಅದೇ ವರ್ಷ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಮನೆಬಾಗಿಲಲ್ಲೇ ಕೊಂದರು. ಅವರಿಗೂ, ಎರಡು ವರ್ಷ ಹಿಂದೆ ಧಾರವಾಡದಲ್ಲಿ ಕಲಬುರ್ಗಿಯವರಿಗೂ ಹೊಡೆದದ್ದು 7.65 ಎಂಎಂ ನಾಡಪಿಸ್ತೂಲಿನಿಂದ ಎಂದು ಪತ್ರಿಕೆಯಲ್ಲಿ ಓದಿದೆ. ಆ 7.65 ಅನ್ನುವುದು ಪಾಯಿಂಟ್ 32 ಪಿಸ್ತೂಲಿನ ಇನ್ನೊಂದು ಹೆಸರು. ಅಪ್ಪ ಟೇಪು ಹಿಡಿದು ಅಳೆದದ್ದು ಹೆಚ್ಚುಕಡಿಮೆ ಅದೇ ಬಾಯಿ. ಅವುಗಳಿಗೆ ಲೈಸೆನ್ಸ್ ಬುಕ್ ಇರಲಿಲ್ಲ. ಆದರೆ ಅವನ್ನೂ ಯಾರೋ ಯಾವುದೋ ಬಟ್ಟೆಯೊಳಗೇ ಇಟ್ಟುಕೊಂಡು ಬಂದಿರಬೇಕಲ್ಲ ಅನ್ನಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಕೆಲವು ಬರಹಗಾರರಿಗೆ ಗನ್‌ಮ್ಯಾನ್ ಕೊಟ್ಟರು. ಸಾಹಿತ್ಯದ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಸಫಾರಿ ತೊಟ್ಟ ಒಬ್ಬರು ಕೂತಿರುತ್ತಿದ್ದರು. ನನ್ನ ಕಣ್ಣು ಕವಿತೆ ಓದುವವರನ್ನು ಬಿಟ್ಟು ಆ ಸಫಾರಿಯ ಬಲಗಡೆಯನ್ನೇ ಅಳೆಯುತ್ತಿತ್ತು.

ನಾನು ಇದನ್ನು ಬರೆದು ‘ಆದ್ದರಿಂದ ಬಂದೂಕು ಬೇಡ’ ಎಂದು ಮುಗಿಸಿಬಿಡಬಹುದು. ಆದರೆ 2022ರ ಕೊನೆಯಿಂದ 2023ರ ಜನವರಿಯವರೆಗೆ ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ವರನ್ನು ಕೊಂದಾಗ, ಕತ್ತಲಾದ ಮೇಲೆ ಹಿತ್ತಿಲಿಗೂ ಹೋಗಲಾರದ ನನ್ನ ಸೋದರತ್ತೆ, “ಮನೇಲಿ ಒಂದು ಕೋವಿ ಇದ್ದಿದ್ರೆ” ಅಂದಿದ್ದರು. ಅವರಿಗೆ ನಾನು ಏನೂ ಹೇಳಲಿಲ್ಲ. ಯಜಮಾನರ ಕೈಮೇಲಿನ ಗಾಯವೂ ಸುಳ್ಳಲ್ಲ. ಆ ದೊಣ್ಣೆ ತಲೆಗೆ ಬಿದ್ದಿದ್ದರೆ ನಾನು ಈ ಕತೆಯನ್ನು ಬೇರೆ ಥರ ಹೇಳುತ್ತಿದ್ದೆ. ಅಥವಾ ಹೇಳುತ್ತಲೇ ಇರಲಿಲ್ಲ.

ಯಜಮಾನರು 2019ರಲ್ಲಿ ತೀರಿಕೊಂಡರು. ಚುನಾವಣೆ ಮುಗಿದು ಠಾಣೆಯಿಂದ ರಿವಾಲ್ವರ್ ಮರಳಿ ಬಂದ ಮೇಲೂ ಅದನ್ನು ಬೀರುವಿನಿಂದ ತೆಗೆದಿರಲಿಲ್ಲವಂತೆ. ಮಗ ಅದನ್ನು ಠಾಣೆಗೇ ಒಪ್ಪಿಸಿದ. ತಿಥಿಯೆಲ್ಲ ಮುಗಿದ ಮೇಲೆ ಸೊಸೆ ಒಂದು ಚೀಲದಲ್ಲಿ ಮೂರು ಜುಬ್ಬ ತಂದರು. ಗಿರಣಿಯ ಹಳೇ ಆಳುಗಳಿಗೆ ಕೊಡಬೇಕು, ಒಳಜೇಬು ತೆಗೆದು ಬಲಗಡೆ ಹಿಡಿಸಿಕೊಡಿ ಎಂದರು. ಮೂರರಲ್ಲಿ ಒಂದು ಅಪ್ಪ ಹೊಲಿದದ್ದು, ಅವತ್ತು ಮಷೀನಿನ ಮೇಲೆ ಎಸೆದುಹೋದದ್ದು. ಎಸೆದ ಮಾರನೆಯ ದಿನ ಆಳು ಕಳಿಸಿ ತರಿಸಿಕೊಂಡಿದ್ದರು. ಅದೇ ಗುಂಡಿ ಇತ್ತು. ಕಾಜವನ್ನು ದೊಡ್ಡದು ಮಾಡಿಸಿರಲಿಲ್ಲ.

ಮೊನ್ನೆ ಪುಸ್ತಕ ತಂದು ಆ ಸಾಲು ತೋರಿಸಿ ಅಪ್ಪನನ್ನು ಕೇಳಿಯೇಬಿಟ್ಟೆ. “ಕಾಜ ಬೇಕೂಂತ್ಲೇ ಬಿಗಿ ಮಾಡಿದ್ದಾ?”

ಅಪ್ಪ ಕನ್ನಡಕ ಏರಿಸಿ ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರು. “ಗೊತ್ತಿಲ್ಲ ಕಣಪ್ಪ” ಅಂದರು. “ಹೊಲಿಯೋವಾಗ ಏನಂದ್ಕೊಂಡಿದ್ನೋ ಈಗ ನೆಪ್ಪಿಗೇ ಬತ್ತಾ ಇಲ್ಲ.” ಆಮೇಲೆ ಎದ್ದು ಗುಂಡಿ ಡಬ್ಬಿ ತಂದು, ಹುಡುಕಿ, ಅಂಚು ಸವೆದ ಒಂದು ಕಂದು ಗುಂಡಿಯನ್ನು ನನ್ನ ಅಂಗೈಗೆ ಹಾಕಿದರು. ಆ ಜುಬ್ಬ ಬಿಚ್ಚಿದ ದಿನವೇ ಎತ್ತಿಟ್ಟಿದ್ದರಂತೆ.