ಟ್ಯೂಲಿಪ್ ತೋಟದ ಪಕ್ಕದ ಪಾಳುಕೋಟೆ

ಹಾಲೆಂಡಿಗೆ ಹೋದ ನಮ್ಮವರು ಕ್ಯೂಕೆನ್‌ಹಾಫ್ ಹೂದೋಟ ನೋಡದೆ ಹಿಂದಿರುಗುವುದು ಕಡಿಮೆ. 1981ರ ‘ಸಿಲ್ಸಿಲಾ’ ಚಿತ್ರದಲ್ಲಿ ಅಮಿತಾಭ್-ರೇಖಾ ಟ್ಯೂಲಿಪ್ ಹೂಗಳ ನಡುವೆ ಹಾಡಿದ ಜಾಗ ಎಂದರೆ ನಿಮಗೆ ತಟ್ಟನೆ ಗುರುತು ಸಿಕ್ಕೀತು. ವರ್ಷಕ್ಕೆ ಸುಮಾರು ಎಂಟೇ ವಾರ ತೆರೆದಿರುವ ಈ ತೋಟದಲ್ಲಿ ಪ್ರತಿವರ್ಷ ಎಪ್ಪತ್ತು ಲಕ್ಷ ಗೆಡ್ಡೆ ನೆಡುತ್ತಾರಂತೆ. ಆದರೆ ಹೆಸರಿನ ಅರ್ಥ ಮಾತ್ರ ಬಲು ಸಾದಾ: ಅಡುಗೆಮನೆಯ ಹಿತ್ತಲು! ಯಾರ ಅಡುಗೆಮನೆ ಎಂದು ಕೇಳಿದಿರಾದರೆ, ಇನ್ನು ಕೆಲವು ಕಿಲೋಮೀಟರ್ ಆಚೆಗೆ ಹೋಗಬೇಕು. ಬಾಡಿಗೆ ಸೈಕಲ್ ಸಿಕ್ಕರೆ ಒಳ್ಳೆಯದು, ದಾರಿಯಲ್ಲಿ ಏರೇ ಇಲ್ಲ.

ಅಲ್ಲಿ ಟೈಲಿಂಗೆನ್ ಎಂಬ ಪಾಳುಕೋಟೆಯಿದೆ. ದುಂಡನೆಯ ಇಟ್ಟಿಗೆ ಗೋಡೆ, ಸುತ್ತ ಕಂದಕ, 1675ರಲ್ಲಿ ಬೆಂಕಿಗೆ ತುತ್ತಾದ ಬುರುಜು. ಚಿತ್ರದುರ್ಗ ಕಂಡವರಿಗೆ ಇದು ಕೋಟೆ ಎನ್ನಿಸುವುದೇ ಕಷ್ಟ. ಯಾಕೋಬಾ ಎಂಬ ರಾಣಿ ಕೊನೆಯ ದಿನಗಳನ್ನು ಕಳೆದದ್ದು ಇಲ್ಲೇ. ಈ ಕೋಟೆಯ ಅಡುಗೆಗೆ ಬೇಕಾದ ಹಣ್ಣು-ತರಕಾರಿ ಆ ‘ಹಿತ್ತಲಿ’ನಿಂದ ಬರುತ್ತಿತ್ತು.

1401ರಲ್ಲಿ ಹುಟ್ಟಿದ ಈಕೆ ಹಾಲೆಂಡ್, ಝೀಲೆಂಡ್, ಹೈನಾಟ್ ಸೀಮೆಗಳ ದೊರೆಯ ಒಬ್ಬಳೇ ಔರಸಪುತ್ರಿ. ಫ್ರಾನ್ಸಿನ ಯುವರಾಜನ ಕೈ ಹಿಡಿದು, 1417ರಲ್ಲಿ, ಹದಿನಾರು ತುಂಬುವ ಮೊದಲೇ ವಿಧವೆಯಾದಳು. ಮರುತಿಂಗಳೇ ತಂದೆಯೂ ಹೋದ. ಎರಡನೆಯ ಮದುವೆ ಸೋದರಮಾವನ ಮಗ, ಬ್ರಬಾಂಟಿನ ಡ್ಯೂಕನೊಂದಿಗೆ. ನಮ್ಮಲ್ಲಾದರೆ ಹೇಳಿ ಮಾಡಿಸಿದ ಸಂಬಂಧ. ಅಲ್ಲಿ ಪೋಪರ ಅಪ್ಪಣೆ ಬೇಕಾಯಿತು! ಆ ಪುಣ್ಯಾತ್ಮ ಹೆಂಡತಿಯ ಸೀಮೆಗಳನ್ನೇ ಒತ್ತೆಯಿಟ್ಟ. ಆಕೆ 1421ರಲ್ಲಿ ಇಂಗ್ಲೆಂಡಿಗೆ ಓಡಿದಳು. ಅಲ್ಲಿ ಮದುವೆಯಾದ ಹಂಫ್ರಿ ಎಂಬ ರಾಜಕುಮಾರನೂ ಆಕೆಯನ್ನು ನಡುನೀರಿನಲ್ಲಿ ಕೈಬಿಟ್ಟ.

ಮುಂದಿನದು ಇನ್ನೊಬ್ಬ ಸೋದರಮಾವನ ಮಗನ ಸರದಿ: ಬರ್ಗಂಡಿಯ ಫಿಲಿಪ್. ಅವನಿಗೆ ಬೇಕಿದ್ದದ್ದು ಹುಡುಗಿಯಲ್ಲ, ನೆಲ. ಅವನ ವಶದಲ್ಲಿ ಘೆಂಟ್ ಪಟ್ಟಣದಲ್ಲಿದ್ದ ಯಾಕೋಬಾ 1425ರಲ್ಲಿ ಗಂಡುವೇಷ ತೊಟ್ಟು ಕುದುರೆಯೇರಿ ಗೌಡಾ ಎಂಬ ಊರಿಗೆ ಪರಾರಿಯಾದಳು. (ನಮ್ಮ ಗೌಡರಿಗೂ ಇದಕ್ಕೂ ನಂಟಿಲ್ಲ, ಇದು ಚೀಸಿಗೆ ಹೆಸರಾದ ಊರು.) ಮೂರು ವರ್ಷ ಕಾದಾಡಿ ಸೋತಳು. ಅಷ್ಟರಲ್ಲಿ ಬ್ರಬಾಂಟಿನ ಡ್ಯೂಕ್ ತೀರಿಕೊಂಡಿದ್ದ. ಹಂಫ್ರಿಯ ಮದುವೆ ಅಸಿಂಧು ಎಂದು ಪೋಪ್ ಸಾರಿದರು. ಮತ್ತೆ ವಿಧವೆ! 1428ರ ಡೆಲ್ಫ್ಟ್ ಒಪ್ಪಂದದಲ್ಲಿ ಆಡಳಿತ ಫಿಲಿಪನಿಗೆ ಹೋಯಿತು, ಅವನ ಅನುಮತಿಯಿಲ್ಲದೆ ಆಕೆ ಮರುಮದುವೆಯಾಗಕೂಡದೆಂಬ ಷರತ್ತೂ ಬಿತ್ತು. ಆದರೆ ಬಿರುದು ಆಕೆಯದಾಗಿಯೇ ಉಳಿಯಿತು.

ಇಲ್ಲಿ ಬರುತ್ತಾನೆ ಫ್ರಾಂಕ್ ಫಾನ್ ಬೋರ್ಸೆಲೆ. ಝೀಲೆಂಡಿನ ಸಿರಿವಂತ ಸರದಾರ, ಫಿಲಿಪನ ಪಕ್ಷದವನು, ಅವನ ಪರವಾಗಿ ಹಾಲೆಂಡನ್ನು ನೋಡಿಕೊಳ್ಳುತ್ತಿದ್ದವನು. ಒಡೆಯನ ನಂಬಿಕೆಯ ಬಂಟನಿಗೂ ಒಡೆಯನ ವೈರಿಗೂ ಮನಸ್ಸು ಕೂಡಿತು. 1432ರಲ್ಲಿ ಗುಟ್ಟಾಗಿ ಮದುವೆಯಾದರೆಂದೂ, ಸೆರೆಸಿಕ್ಕ ಫ್ರಾಂಕನ ತಲೆ ಉಳಿಸಲು ಆಕೆ ರಾಜ್ಯವನ್ನೇ ಕೊಟ್ಟಳೆಂದೂ ಕತೆ ಕಟ್ಟಿದ್ದಾರೆ. ಗುಟ್ಟಿನ ಮದುವೆಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಫ್ರಾಂಕ್ ಸೆರೆಯಾದದ್ದು, 1433ರ ಏಪ್ರಿಲಿನಲ್ಲಿ ಆಕೆ ಬಿರುದುಗಳನ್ನೂ ಬಿಟ್ಟುಕೊಟ್ಟದ್ದು, ಮರುವರ್ಷ ಇಬ್ಬರೂ ಬಹಿರಂಗವಾಗಿ ಮದುವೆಯಾದದ್ದು ಮಾತ್ರ ನಿಜ. ನನ್ನನ್ನು ಕೇಳಿದರೆ, ರಾಜ್ಯ ಡೆಲ್ಫ್ಟಿನಲ್ಲೇ ಕೈಬಿಟ್ಟಿತ್ತು. ಉಳಿದಿದ್ದ ಹೆಸರನ್ನು ತೆತ್ತು ಆಕೆ ಕೊಂಡದ್ದು ತಾನೇ ಆರಿಸಿದ ಗಂಡನನ್ನು.

ಸಂಸಾರ ನಡೆದದ್ದು ಎರಡೇ ವರ್ಷ. 1436ರ ಅಕ್ಟೋಬರಿನಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಆಕೆ ಟೈಲಿಂಗೆನ್‌ನಲ್ಲಿ ಕ್ಷಯದಿಂದ ತೀರಿಕೊಂಡಳು. ಫ್ರಾಂಕ್ ಆಮೇಲೂ ಮೂರು ದಶಕಕ್ಕೆ ಮೇಲ್ಪಟ್ಟು ಬಾಳಿದ. 1445ರಲ್ಲಿ ಅದೇ ಫಿಲಿಪನಿಂದ ‘ಚಿನ್ನದ ಉಣ್ಣೆ’ ಪದವಿ ಪಡೆದ. ನಿಷ್ಠೆ ಎಂದರೆ ಹೀಗೂ ಇರುತ್ತದೆ!

ಕಂದಕದ ಬಳಿ ಸ್ವಲ್ಪ ನಿಲ್ಲಿ. ಈ ನೀರಿನಲ್ಲಿ ಉದ್ದನೆಯ ಮಣ್ಣಿನ ಹೂಜಿಗಳು ಸಿಕ್ಕಿದವು. ಯಾಕೋಬಾ ಕುಡಿದು ಹೆಗಲ ಮೇಲಿಂದ ಹಿಂದಕ್ಕೆ ಎಸೆದವು ಎಂದು ಜನ ನಂಬಿದರು. ಅವು ಜರ್ಮನಿಯಿಂದ ಬರುತ್ತಿದ್ದ ದಿನಬಳಕೆಯ ಹೂಜಿಗಳೆಂದು ತಿಳಿದವರು ಹೇಳಿದರೂ, ಡಚ್ಚರು ಅವನ್ನು ಇಂದಿಗೂ ‘ಯಾಕೋಬಾ ಹೂಜಿ’ ಎಂದೇ ಕರೆಯುತ್ತಾರೆ. ಅಂದ ಹಾಗೆ, ಟ್ಯೂಲಿಪ್ ಹಾಲೆಂಡಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಆಕೆ ಆ ಹೂವನ್ನು ಕಂಡೇ ಇರಲಿಲ್ಲ.