ಮೇಗುತಿ ಗುಡ್ಡದ ಪುಟ್ಟ ಕಲ್ಲುಮನೆಗಳು

ಹುನಗುಂದದಿಂದ ಐಹೊಳೆಗೆ ಹೊರಟರೆ ದಾರಿಯಲ್ಲಿ ಅಮೀನಗಡ ಸಿಗುತ್ತದೆ. ಅಲ್ಲಿ ಕರದಂಟು ಕೊಳ್ಳದೆ ಮುಂದೆ ಹೋಗುವವರು ಕಡಿಮೆ. ನೀವೂ ಕೊಳ್ಳಿ, ಗುಡ್ಡ ಹತ್ತಿದ ಮೇಲೆ ಮಕ್ಕಳಿಗೆ ಹಸಿವಾಗುತ್ತದೆ. ಐಹೊಳೆಗೆ ಬಂದ ಹೆಚ್ಚಿನವರು ದುರ್ಗದ ಗುಡಿಯ ಮುಂದೆ ಫೋಟೋ ತೆಗೆಸಿಕೊಂಡು ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಮೆಟ್ಟಿಲು ಹತ್ತಿ ಮೇಗುತಿಗೆ ಬನ್ನಿ.

ಅಲ್ಲಿನ ಜೈನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಹೊಗಳುವ ಆ ಶಾಸನದ ಬಗ್ಗೆ ಶಾಲೆಯಲ್ಲಿ ಓದಿಯೇ ಇರುತ್ತೀರಿ. ಬಸದಿಯ ಹಿಂಬದಿಗೆ ನಡೆದರೆ, ಅದಕ್ಕಿಂತ ಎಷ್ಟೋ ಶತಮಾನ ಹಿಂದಿನ, ಒಂದಕ್ಷರವೂ ಇಲ್ಲದ ಕಲ್ಲುಗಳು ಕಾಣುತ್ತವೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೆ ಹೊದಿಸಿದ ಇನ್ನೊಂದು ಚಪ್ಪಡಿ. ಕೆಲವಕ್ಕೆ ಮುಂಭಾಗದ ಕಲ್ಲಿನಲ್ಲಿ ದುಂಡನೆಯ ಕಿಂಡಿ.

"ಅಬ್ಬಾ, ಇಷ್ಟು ಸಣ್ಣ ಬಾಗಿಲಲ್ಲಿ ಹೇಗೆ ಒಳಗೆ ಹೋಗ್ತಿದ್ದರು?" ಎಂದು ನನ್ನ ಮಗಳು ಕೇಳಿದಳು. ಹಿಂದಿನವರಿಗೂ ಇದೇ ಅನುಮಾನ ಬಂದಿರಬೇಕು. ಕೊಪ್ಪಳ, ಗಂಗಾವತಿ ಕಡೆ ಇಂಥವನ್ನು ಮೋರ್ಯರ ಮನೆ ಎನ್ನುತ್ತಾರೆ, ಮೋರ್ಯರೆಂಬ ಕುಳ್ಳರು ಇಲ್ಲಿ ಬಾಳಿದರೆಂದು ಕತೆ ಹೇಳುತ್ತಾರೆ. ನಿಜವಾಗಿ ಇವು ಕಬ್ಬಿಣ ಯುಗದ ಜನ ತಮ್ಮವರಿಗಾಗಿ ಕಟ್ಟಿದ ಸಮಾಧಿಗಳು. ದಕ್ಷಿಣ ಭಾರತದ ಇಂತಹ ಅನೇಕ ಸಮಾಧಿಗಳಲ್ಲಿ ಮೂಳೆಗಳ ಜೊತೆ ಕಪ್ಪು-ಕೆಂಪು ಮಡಕೆಗಳೂ ಕಬ್ಬಿಣದ ಹತಾರಗಳೂ ಸಿಕ್ಕಿವೆ. ಅವರ ಸ್ವಂತ ಮನೆಗಳು ಬಹುಪಾಲು ಮಣ್ಣುಪಾಲಾದವು. ಸತ್ತವರಿಗೆ ಕಟ್ಟಿದ್ದು ಮಾತ್ರ ಉಳಿಯಿತು.

ಮಲಪ್ರಭೆಯ ಈ ಕಣಿವೆಗೆ ಅವರೇನೂ ಮೊದಲಿಗರಲ್ಲ. ಇದಕ್ಕೂ ಬಹಳ ಹಿಂದಿನ ಶಿಲಾಯುಗದವರ ಕಲ್ಲಿನ ಆಯುಧಗಳನ್ನು ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇಲ್ಲಿ ಗುರುತಿಸಿದ್ದರು.

ಇದನ್ನು ಹೋಲುವ ಕಲ್ಲಿನ ಸಮಾಧಿಗಳು ಕೊರಿಯಾದಲ್ಲಿ ಸಾವಿರಾರು ಇವೆ. ಭತ್ತದ ಬೇಸಾಯ ಕಲಿತವರ ಜೊತೆ ಅಲ್ಲಿಂದ ಜಪಾನಿನ ಕ್ಯೂಶೂ ದ್ವೀಪಕ್ಕೂ ಹೋದವು. ಅವರಿಗೂ ನಮ್ಮವರಿಗೂ ನಂಟು ಕಲ್ಪಿಸಬೇಕಾಗಿಲ್ಲ. ಸತ್ತ ತಾಯಿಯನ್ನು ಬಿಸಿಲಿಗೆ ಬಿಟ್ಟು ಬರಲು ಯಾವ ದೇಶದ ಮಕ್ಕಳಿಗೆ ಮನಸ್ಸಾಗುತ್ತದೆ? ಕೊರಿಯಾದ ಸಮಾಧಿಗಳು 2000ದಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ನಮ್ಮ ಹಿರೇಬೆಣಕಲ್ಲಿನವು 2021ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂದಿವೆ. ಮೇಗುತಿಯ ಹಿಂಬದಿಯವನ್ನು ಕೇಳುವವರು ಕಡಿಮೆ.

ನಿಧಿಯ ಆಸೆಗೆ ಇಂತಹ ಕಲ್ಲುಗಳನ್ನು ಅಗೆಯುವವರು ನಾಡಿನಲ್ಲೆಲ್ಲ ಇದ್ದಾರೆ. ಸಿಗುವುದು ಒಡೆದ ಮಡಕೆ, ನಾಲ್ಕು ಮೂಳೆ. ಅದನ್ನೂ ಎಸೆದು ಹೋಗುತ್ತಾರೆ. ನಿಮ್ಮ ಮಕ್ಕಳು ಚಪ್ಪಡಿಯ ಮೇಲೆ ಹತ್ತಿ ಕುಣಿಯಲು ಹೋದರೆ ಇಳಿಸಿ, ಇದು ಯಾರದೋ ಅಜ್ಜಿಯ ಗೋರಿ ಎಂದು ಹೇಳಿ. ನನ್ನ ಮಗಳು ಅಷ್ಟಕ್ಕೇ ಕೆಳಗಿಳಿದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಳು.

ಬೆಳಿಗ್ಗೆಯೇ ಹೋಗಿ. ನೀರಿನ ಬಾಟಲಿ ಮರೆಯಬೇಡಿ, ಗುಡ್ಡದ ಮೇಲೆ ನೆರಳು ಕಡಿಮೆ.