ಮುಯ್ಯಿ ಬರೆಯುವವರ ಜಾಗ

ಕಳೆದ ವೈಶಾಖದ ಒಂದು ಮಧ್ಯಾಹ್ನ, ಬೀದಿಗೆ ಬೀದಿಯೇ ವಿದ್ಯುತ್ತಿಲ್ಲದೆ ಬೆವರುತ್ತಿರುವಾಗ, ಅಳಿಯಂದಿರು ತಂದಿರಿಸಿದ ಯು.ಪಿ.ಎಸ್. ಎಂಬ ಪೆಟ್ಟಿಗೆಯ ಕೃಪೆಯಿಂದ ನಮ್ಮ ಮನೆಯೊಂದರಲ್ಲಿ ಫ್ಯಾನು ತಿರುಗುತ್ತಿರುವುದನ್ನು ಅದು ಹೇಗೋ ಪತ್ತೆಹಚ್ಚಿ, ಎದುರುಮನೆಯ ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. "ತಾತಾ, ಒಂದು ಗಂಟೆ ನಿಮ್ಮ ಪ್ಲಗ್ ಪಾಯಿಂಟ್ ಕೊಡ್ತೀರಾ? ನಿನ್ನೆಯ ಮದುವೆ ಇವತ್ತು ಸಂಜೆಯೊಳಗೆ ಹೋಗಬೇಕು" ಎಂದಳು. ನಿನ್ನೆಯ ಮದುವೆ ಇವತ್ತು ಎಲ್ಲಿಗೆ ಹೋಗುವುದೆಂದು ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ಈಕೆ ಮದುವೆಗಳ ವಿಷಯವಾಗಿ ಬರೆಯುವವಳು. ವಧು ಉಟ್ಟ ಸೀರೆ ಯಾವ ಮಗ್ಗದ್ದು, ಮಂಟಪಕ್ಕೆ ಸುಗಂಧರಾಜವೋ ಕನಕಾಂಬರವೋ, ವರನು ಕಾಶೀಯಾತ್ರೆಗೆ ಹೊರಟಾಗ ಕೊಡೆ ಹಿಡಿದ ಭಾವಮೈದುನನ ಮುಖ ಹೇಗಿತ್ತು ಎಂಬಿತ್ಯಾದಿ ವೃತ್ತಾಂತವನ್ನು ಚಿತ್ರಸಮೇತವಾಗಿ ಅಂತರ್ಜಾಲಕ್ಕೆ ಏರಿಸುವುದು ಆಕೆಯ ಉದ್ಯೋಗ. ಅದನ್ನು ಓದಿ ತಮ್ಮ ಮದುವೆಯೂ ಹಾಗೆಯೇ ಆಗಬೇಕೆಂದು ಹಂಬಲಿಸುವವರು ದೇಶವಿದೇಶಗಳಲ್ಲಿದ್ದಾರೆ. "ನಿನ್ನ ಕಚೇರಿ ಎಲ್ಲಮ್ಮ?" ಎಂದೆ. "ಪ್ಲಗ್ ಎಲ್ಲಿರುತ್ತೋ ಅಲ್ಲಿ" ಎಂದಳು.

ಕೆದಕಿ ಕೇಳಿದಾಗ ಆ ಕಚೇರಿಯ ಶಾಖೆಗಳು ಒಂದೊಂದಾಗಿ ಹೊರಬಂದವು. ರಾತ್ರಿಯ ಊಟದ ತಟ್ಟೆಗಳನ್ನು ತೆಗೆದ ಮೇಲೆ ಒರಸಿದ ಒದ್ದೆ ಇನ್ನೂ ಆರದ ಊಟದ ಮೇಜು ಒಂದು. ಛತ್ರದಲ್ಲಿ ವಧುವಿನ ಕೋಣೆ, ಅಲ್ಲಿ ತಲೆ ಬಾಚುವವರು ಓಡಿಸಿದರೆ ಮಹಡಿಯ ಮೆಟ್ಟಿಲು. ಒಂದು ಬಟ್ಟಲು ಕಾಫಿಯ ಬೆಲೆಗೆ ಮೂರು ಗಂಟೆ ಕುಳಿತಿರಲು ಬಿಡುವ ಕಾಫಿ ಅಂಗಡಿ. ಆಷಾಢದಲ್ಲಿ ಮದುವೆಗಳಿಲ್ಲದ್ದರಿಂದ ಆ ತಿಂಗಳಲ್ಲೇ ಮದುವೆಯ ಬರಹ ಹೆಚ್ಚು ಸಾಗುವುದಂತೆ, ಧನುರ್ಮಾಸದಲ್ಲಿಯೂ ಹಾಗೆಯೇ ಅಂತೆ. ತನ್ನಂತೆಯೇ ಬರೆಯುವ ಇತರ ಹುಡುಗಿಯರ ಕೋಣೆಗಳ ಚಿತ್ರಗಳನ್ನೂ ತೋರಿಸಿದಳು: ಬಿಳಿಯ ಗೋಡೆ, ಬಿಳಿಯ ಮೇಜು, ಮೇಜಿನ ಮೇಲೆ ಹಸಿರು ಗಿಡವೊಂದು, ಮೊನೆ ಸವೆಯದ ಪೆನ್ಸಿಲುಗಳ ಗುಚ್ಛ. ಬಹು ಸುಂದರವಾದ ಕೋಣೆಗಳು. ಆದರೆ ಅಲ್ಲಿ ಯಾರೇ ಆಗಲಿ ಕುಳಿತು ಒಂದು ವಾಕ್ಯವನ್ನು ಹೊಡೆದುಹಾಕಿ ಮತ್ತೊಂದನ್ನು ಬರೆದ ಕುರುಹು ನನ್ನ ಕಣ್ಣಿಗೆ ಬೀಳಲಿಲ್ಲ.

ಅಷ್ಟರಲ್ಲಿ ಆಕೆ ಜಗಲಿಯ ಚಾಪೆಯ ಮೇಲೆ ಚಕ್ಕಂಬಕ್ಕಲು ಹಾಕಿ, ಆ ಯಂತ್ರವನ್ನು ದಿಂಬಿನ ಮೇಲೆ ಇಳಿಜಾರಾಗಿ ಒರಗಿಸಿ, ಬೆನ್ನು ಬಾಗಿಸಿ ಕೆಲಸಕ್ಕೆ ತೊಡಗಿದ್ದಳು. ಆ ಭಂಗಿಯನ್ನು ಎಲ್ಲಿಯೋ ಕಂಡಿದ್ದೆನಲ್ಲಾ ಎಂದು ಯೋಚಿಸುವಾಗ, ಅರುವತ್ತೆಪ್ಪತ್ತು ವರ್ಷಗಳಾಚೆಯಿಂದ ನನ್ನ ಸೋದರಮಾವಂದಿರು ತಮ್ಮ ಪೆಟ್ಟಿಗೆಯೊಡನೆ ಎದ್ದುಬಂದರು.

ಮಾವಂದಿರು ಮಂಡ್ಯದ ಕಡೆಯ ಒಂದು ಗ್ರಾಮಕ್ಕೆ ಶಾನುಭೋಗರು. ಸರಕಾರದ ಕಂದಾಯದ ಲೆಕ್ಕ ಬರೆಯುವುದು ಅವರ ವಂಶಪಾರಂಪರ್ಯದ ವೃತ್ತಿ. ಊರಿನ ಮದುವೆಗಳಲ್ಲಿ ಮುಯ್ಯಿ ಬರೆಯುವುದು ಅವರ ಪ್ರೀತಿಯ ವ್ಯಸನ. 1961ರ ಕಾಯಿದೆಯಿಂದ ಶಾನುಭೋಗಿಕೆ ರದ್ದಾಗಿ ಮೊದಲಿನ ವೃತ್ತಿ ಹೋಯಿತಾದರೂ, ಎರಡನೆಯದನ್ನು ಯಾವ ಶಾಸನಸಭೆಯೂ ಮುಟ್ಟಲಿಲ್ಲ. ಅವರ ಪೆಟ್ಟಿಗೆ ಹಲಸಿನ ಮರದ್ದು. ನೆಲದ ಮೇಲೆ ಕುಳಿತವನ ತೊಡೆಯೆತ್ತರದ್ದು. ಮುಚ್ಚಳ ಬರೆಯುವವನ ಕಡೆಗೆ ಇಳಿಜಾರು. ಒಳಗೆ ಶಾಯಿಯ ಕುಡಿಕೆ, ನಿಬ್ಬುಗಳು, ಒತ್ತುಕಾಗದ, ನಶ್ಯದ ಡಬ್ಬಿ, ಮತ್ತು ನನಗೆ ಕೊಡುವುದಕ್ಕೆಂದು ಸದಾ ಒಂದೆರಡು ಉತ್ತುತ್ತೆ.

ಮದುವೆಮನೆಯಲ್ಲಿ ಅವರನ್ನು ಕುಳ್ಳಿರಿಸುತ್ತಿದ್ದ ಜಾಗ ಎಲ್ಲಿ ಹೋದರೂ ಒಂದೇ: ಚಪ್ಪರದ ಕೊನೆಯ ಕಂಬಕ್ಕೂ ಉಗ್ರಾಣದ ಬಾಗಿಲಿಗೂ ನಡುವೆ. ಇದಕ್ಕೆ ಕಾರಣವುಂಟು. ಮುಯ್ಯಿಯ ತಟ್ಟೆಯಲ್ಲಿ ಬೀಳುವ ಹಣ ಬೀಗವಿರುವ ಕೋಣೆಗೆ ಸಮೀಪವಾಗಿರಬೇಕು. ಊಟಕ್ಕೆ ಹೋಗುವ ಪ್ರತಿಯೊಬ್ಬನೂ ಆ ದಾರಿಯಾಗಿಯೇ ಹೋಗಬೇಕು. ಪಕ್ಕದಲ್ಲಿ ನಿಂತ ದೊಡ್ಡ ಕಂಠದವನೊಬ್ಬ ಇಂಥ ಊರಿನ ಇಂಥವರ ಮುಯ್ಯಿ ಇಷ್ಟು ಎಂದು ಕೂಗಿದೊಡನೆ ಮಾವಂದಿರು ತಲೆಯೆತ್ತಿ ಆ ಮನುಷ್ಯನನ್ನು ಒಮ್ಮೆ ನೋಡಿ ಬರೆದುಕೊಳ್ಳುವರು. ಯಾರು ಬಂದರು, ಯಾರು ಬರಲಿಲ್ಲ, ಬಂದವರಲ್ಲಿ ಯಾರು ಊಟ ಮಾಡದೆ ಹೋದರು, ಉಗ್ರಾಣದಿಂದ ಯಾವ ತುಪ್ಪದ ತಂಬಿಗೆ ಯಾವ ದಿಕ್ಕಿಗೆ ಪ್ರಯಾಣಮಾಡಿತು, ಇದೆಲ್ಲವೂ ಆ ಸ್ಥಾನದಿಂದ ಕರತಲಾಮಲಕ. ಕಾಣದೆ ಇದ್ದುದು ಒಂದೇ, ಮದುವೆ. ಲೆಕ್ಕವಿಲ್ಲದಷ್ಟು ಮದುವೆಗಳನ್ನು ಬರೆದ ಮಾವಂದಿರು ಧಾರೆಯನ್ನು ಕಣ್ಣಾರೆ ಕಂಡದ್ದು ತಮ್ಮದೊಂದು, ತಮ್ಮ ಮಕ್ಕಳದು ಕೆಲವು. ಅಂತರಪಟ ಸರಿಯಿತೆಂಬುದನ್ನು ಗಟ್ಟಿಮೇಳದಿಂದ ತಿಳಿದು, ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕುಳಿತಲ್ಲಿಂದಲೇ ಅಕ್ಷತೆಯನ್ನು ಮಂಟಪದ ದಿಕ್ಕಿಗೆ ಎಸೆಯುವರು. ಅದು ಬಹುಮಟ್ಟಿಗೆ ಉಗ್ರಾಣ ಕಾಯುವ ಭಟ್ಟರ ತಲೆಯ ಮೇಲೆ ಬಿದ್ದು, ಆ ಭಟ್ಟರು ಊರಿನಲ್ಲಿ ಅತಿ ಹೆಚ್ಚು ಸಲ ಆಶೀರ್ವಾದ ಪಡೆದ ಬ್ರಹ್ಮಚಾರಿಯೆಂದು ಪ್ರಸಿದ್ಧರಾಗಿದ್ದರು.

ಜಾತಿಯ ಭೇದವಿಲ್ಲದೆ ಎಲ್ಲರ ಮನೆಯ ಮುಯ್ಯಿಯನ್ನೂ ಬರೆಯುತ್ತಿದ್ದರು ಎಂದು ಹೇಳಿ ಅವರನ್ನು ದೊಡ್ಡವರನ್ನಾಗಿ ಮಾಡಬಹುದು. ಆದರೆ ಬರೆದ ಮನೆಗಳೆಲ್ಲದರಲ್ಲಿಯೂ ಉಣ್ಣುತ್ತಿರಲಿಲ್ಲ, ಅಕ್ಕಿ ಬೇಳೆ ತೆಂಗಿನಕಾಯಿಗಳನ್ನು ಮೂಟೆ ಕಟ್ಟಿಸಿಕೊಂಡು ಬರುತ್ತಿದ್ದರು. ಆ ಮಡಿಯನ್ನು ನಾನು ಸಮರ್ಥಿಸಲಾರೆ. ಉಣ್ಣದ ಮನೆಯ ಲೆಕ್ಕದಲ್ಲಿಯೂ ಒಂದು ಕಾಸು ಹೆಚ್ಚುಕಡಿಮೆಯಾಗಲಿಲ್ಲವೆಂಬುದಷ್ಟೇ ಅವರ ಪರವಾಗಿ ನಾನು ಹೇಳಬಹುದಾದ ಮಾತು.

ಲೆಕ್ಕದ ವಿಷಯಕ್ಕೆ ಬಂದುದರಿಂದ ಹೇಳುತ್ತೇನೆ. 1957ರ ಏಪ್ರಿಲ್ ಒಂದರಿಂದ ನಯಾಪೈಸೆ ಜಾರಿಗೆ ಬಂತಷ್ಟೆ. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದಾಯಿತು; ಪಾವಲಿಗೆ ಇಪ್ಪತ್ತೈದು, ಎಂಟಾಣೆಗೆ ಐವತ್ತು ಸರಿಯಾಗಿ ಕೂಡಿಬಂದರೂ, ಒಂದಾಣೆಗೆ ಆರೂಕಾಲು ಎಂಬಲ್ಲಿ ಕಾಲು ಪೈಸೆ ಎಲ್ಲಿ ಸಿಕ್ಕೀತು? ಆ ಬೇಸಗೆಯ ಮದುವೆಯೊಂದರಲ್ಲಿ ಬಡ ಮುದುಕಿಯೊಬ್ಬಳು ಒಂದಾಣೆ ಮುಯ್ಯಿ ಹಾಕಿದಾಗ, ಹೊಸ ಲೆಕ್ಕ ಕಲಿತ ಶಾಲೆಯ ಉಪಾಧ್ಯಾಯರು ಅದನ್ನು ಆರು ಪೈಸೆಯೆಂದು ಬರೆಯಬೇಕೆಂದೂ, ಮಾವಂದಿರು ಕೊಟ್ಟದ್ದಕ್ಕಿಂತ ಕಡಿಮೆ ಬರೆಯುವುದು ಮಹಾಪಾತಕವೆಂದೂ ವಾದಿಸಿ, ಆ ಕಾಲು ಪೈಸೆಗಾಗಿ ಎರಡನೆಯ ಪಂಕ್ತಿ ಏಳುವವರೆಗೂ ಜಗಳವಾಡಿದರು. ಕೊನೆಗೆ ಪುಸ್ತಕದಲ್ಲಿ ಉಳಿದದ್ದು ಒಂದಾಣೆಯೇ. ಆಮೇಲೆ ಎಷ್ಟೋ ವರ್ಷ ಮಾವಂದಿರು ಮುಯ್ಯಿಯ ಪುಸ್ತಕಗಳಲ್ಲಿ ಭಾರತ ಸರಕಾರದ ಶಾಸನವನ್ನು ಮಾನ್ಯಮಾಡಲಿಲ್ಲ.

ಆ ಪುಸ್ತಕಗಳಲ್ಲಿ ಕೆಲವನ್ನು ನಾನು ಮುಂದೆ ಓದಿದೆ. ಮೊದಲ ಪುಟದ ನಾಲ್ಕು ಮೂಲೆಗೆ ಅರಿಸಿನ, ಮೇಲೆ ಶ್ರೀಕಾರ, ಕೆಳಗೆ ಹೆಸರು, ಊರು, ಮೊತ್ತ. ಇಷ್ಟು ಕರ್ತವ್ಯ. ಇದರ ಪಕ್ಕದ ಅಂಚಿನಲ್ಲಿ ಇರುವೆಯ ಸಾಲಿನಂಥ ಅಕ್ಷರದಲ್ಲಿ ಬರೆದುದು ಅವರ ಸಾಹಿತ್ಯ: "ಹುಳಿ ಮೂರನೆಯ ಪಂಕ್ತಿಗೆ ಸಾಲದಾಯಿತು." "ಬೀಗರು ಮುನಿದು ನಾಲೆಯ ಏರಿಯವರೆಗೆ ಹೋಗಿ ಬಂದರು." "ಹೆಣ್ಣು ಬಹಳ ಅತ್ತಿತು, ಗಂಡು ನಿದ್ದೆ." ಮದುವೆಯ ಬರಹವೆಂದರೆ ಇದಲ್ಲವೇ?

ಮಾವಂದಿರ ತಂದೆಯವರ ಕಾಲದ್ದೊಂದು ಕಡತವೂ ಅವರ ಅಟ್ಟದ ಮೇಲಿತ್ತು. ಈಗಿನವರಿಗೆ ಕಡತವೆಂದರೆ ಕಚೇರಿಯ ಫೈಲು. ಹಿಂದಿನ ಕಡತ ಬಟ್ಟೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕಪ್ಪಿನ ಮೇಲೆ ಬಳಪದಿಂದ ಬಿಳಿಯ ಅಕ್ಷರ ಬರೆಯುವುದು. 1443ರಲ್ಲಿ ಹೆರಾತಿನ ಷಾರೂಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು, ಈ ಜನರು ಎರಡು ಬಗೆಯಾಗಿ ಬರೆಯುತ್ತಾರೆ, ಎಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆಯುವುದೊಂದು, ಕಪ್ಪು ಬಳಿದ ಮೈಮೇಲೆ ಮೆದುಕಲ್ಲಿನ ಕಡ್ಡಿಯಿಂದ ಬಿಳಿಯಾಗಿ ಬರೆಯುವುದು ಇನ್ನೊಂದು, ಎರಡನೆಯದೇ ಹೆಚ್ಚು ಬಾಳುವುದು, ಅದಕ್ಕೇ ಮನ್ನಣೆ ಎಂದು ಬರೆದಿಟ್ಟಿದ್ದಾನೆ. ಅರಮನೆಯ ಬಳಿ ನಲವತ್ತು ಕಂಬದ ಸಭಾಂಗಣದಂಥ ಕಚೇರಿಯ ಮುಂದೆ ಎತ್ತರದ ಮೊಗಸಾಲೆಯಿತ್ತಂತೆ, ಅದರಲ್ಲಿ ದಫ್ತರಗಳನ್ನಿಟ್ಟುಕೊಂಡು ಕರಣಿಕರು ಕುಳಿತಿರುತ್ತಿದ್ದರಂತೆ. ಆನೆಗಳನ್ನೂ ನವರಾತ್ರಿಯ ವೈಭವವನ್ನೂ ಕಂಡು ಬೆರಗಾದ ಆ ಪರದೇಶಿಯು ಗುಮಾಸ್ತರ ಬಳಪವನ್ನು ಬಗ್ಗಿ ನೋಡಿದನಲ್ಲ, ಆತನ ಮೇಲೆ ನನಗಿರುವ ಗೌರವಕ್ಕೆ ಅದೇ ಕಾರಣ.

ಕರಣಿಕರೆಂದ ಮೇಲೆ ಹರಿಹರನನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಕನ್ನಡದಲ್ಲಿ ಮದುವೆಯೊಂದನ್ನು ಮಹಾಕಾವ್ಯವಾಗಿ ಬರೆದವನು ಆತ. ಗಿರಿಜಾಕಲ್ಯಾಣದ ಕವಿಯು ಮೊದಲು ಹೊಯ್ಸಳರ ದೋರಸಮುದ್ರದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದನೆಂಬುದು ಪರಂಪರೆಯ ಮಾತು. ಒಂದು ದಿನ ರಾಜಸಭೆಯಲ್ಲಿ ಲೆಕ್ಕ ಒಪ್ಪಿಸುತ್ತಿದ್ದವನು ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಕಡತವನ್ನು ಹೊಸಕಿದನಂತೆ. ಇದೇನೆಂದು ಅರಸನು ಕೇಳಲು, ಹಂಪೆಯಲ್ಲಿ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಆರತಿಯ ಬೆಂಕಿ ತಗುಲಿತು, ಆರಿಸಿದೆ ಎಂದನಂತೆ. ಕಥೆಯನ್ನು ನಂಬುವವರು ನಂಬಲಿ. ನನಗೆ ಅದರಲ್ಲಿ ಪ್ರಿಯವಾದುದು ಪವಾಡವಲ್ಲ. ದೋರಸಮುದ್ರದಲ್ಲಿ ಕುಳಿತವನ ಮನಸ್ಸು ಹಂಪೆಯಲ್ಲಿತ್ತೆಂಬ ಲೌಕಿಕ ಸತ್ಯ. ಬರೆಯುವವನ ಆಸನ ಒಂದೆಡೆ, ಬರಹದ ಸ್ಥಳ ಇನ್ನೊಂದೆಡೆ ಇರುವುದುಂಟು. ಲೆಕ್ಕ ತಪ್ಪಿಹೋದ ಎಷ್ಟೋ ಕಡತಗಳಿಗೆ ಇದೇ ಕಾರಣವಿರಬೇಕು. ಕಡೆಗೆ ಆತ ಅರಸನ ಲೆಕ್ಕವನ್ನು ಬಿಟ್ಟು, ಹಂಪೆ ಸೇರಿ, ಮನುಜರನ್ನು ಹೊಗಳೆನೆಂಬ ವ್ರತ ಹಿಡಿದು, ಶಿವಪಾರ್ವತಿಯರ ಮದುವೆಯನ್ನು ಬರೆದ. ಈಗ ವಿರೂಪಾಕ್ಷ ದೇವಾಲಯಕ್ಕೆ ಹೋದವರು ರಂಗಮಂಟಪದ ಒಳಮಾಳಿಗೆಯಲ್ಲಿ ಗಿರಿಜಾಕಲ್ಯಾಣದ ವರ್ಣಚಿತ್ರವನ್ನು ಕತ್ತೆತ್ತಿ ನೋಡುತ್ತಾರೆ; ಆದರೆ ಆ ಮಂಟಪ ಕೃಷ್ಣದೇವರಾಯನು 1510ರಲ್ಲಿ ಕಟ್ಟಿಸಿದ್ದು. ಹರಿಹರ ಬರೆಯುವಾಗ ಆ ಕಂಬಗಳೂ ಇಲ್ಲ, ಬಣ್ಣಗಳೂ ಇಲ್ಲ. ಆತ ಎಲ್ಲಿ ಕುಳಿತನೋ. ತುಂಗಭದ್ರೆಯ ದಡದ ಯಾವುದಾದರೂ ಬಂಡೆಯ ನೆರಳಾದರೂ ಆದೀತು. ಆತ ರಾಘವಾಂಕನಿಗೆ ಸೋದರಮಾವನೆಂಬುದನ್ನು ನಮ್ಮ ಮಾವಂದಿರು ನನಗೆ ಆಗಾಗ ನೆನಪಿಸುತ್ತಿದ್ದರು. ನರರನ್ನು ಹೊಗಳಿ ಕಾವ್ಯ ಬರೆದ ಆ ಸೋದರಳಿಯನಿಗೆ ಮಾವನಿಂದ ಆದ ಶಾಸ್ತಿಯ ಕಥೆ ಎಲ್ಲರೂ ಬಲ್ಲದ್ದು. ನೆನಪಿಸುವುದರ ಉದ್ದೇಶವೂ ಅದೇ ಇದ್ದಿರಬೇಕು.

ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನ ದುರಭ್ಯಾಸದಿಂದ ಇನ್ನೊಂದು ಪೆಟ್ಟಿಗೆಯನ್ನೂ ಸ್ಮರಿಸುತ್ತೇನೆ. ಮದುವೆಗಳ ಹೊರತು ಬೇರೊಂದನ್ನು ಕಥಾವಸ್ತುವೆಂದು ಎಣಿಸದೆ, ತಾನು ಮಾತ್ರ ಮದುವೆಯಾಗದೆ ಉಳಿದ ಜೇನ್ ಆಸ್ಟೆನ್ನಳಲ್ಲಿಯೂ ಮಾವಂದಿರದರಂತೆಯೇ ಇಳಿಜಾರು ಮುಚ್ಚಳದ ಬರವಣಿಗೆಯ ಪೆಟ್ಟಿಗೆಯೊಂದಿತ್ತು. 1798ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡಿನ ಬಿಡಾರದಲ್ಲಿ ಆಳುಗಳು ಅದನ್ನು ಬೇರೊಬ್ಬರ ಗಾಡಿಗೆ ಹೇರಿಬಿಟ್ಟದ್ದರಿಂದ, ಆಕೆಯ ಸರ್ವಸ್ವವಾದ ಏಳು ಪೌಂಡುಗಳ ಸಮೇತ ಅದು ವೆಸ್ಟ್ ಇಂಡೀಸಿನ ಹಾದಿ ಹಿಡಿದಿತ್ತು. ಕುದುರೆ ಸವಾರನು ಎರಡು ಮೂರು ಮೈಲಿ ಅಟ್ಟಿಸಿಕೊಂಡು ಹೋಗಿ ತಂದನು. ಆ ಪೆಟ್ಟಿಗೆ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸೊತ್ತು. ಮಾವಂದಿರದನ್ನು ಅವರ ಮೊಮ್ಮಕ್ಕಳು ಆಟದ ಸಾಮಾನು ತುಂಬಿ ಕೀಲು ಕಿತ್ತರು.

ಹೀಗೆ ಹೆರಾತಿನಿಂದ ಡಾರ್ಟ್‌ಫರ್ಡಿನವರೆಗೆ ಅಲೆದು ನಾನು ಜಗಲಿಗೆ ಹಿಂದಿರುಗುವ ವೇಳೆಗೆ ಹುಡುಗಿಯ ಬರಹ ಮುಗಿದಿತ್ತು. ಓದಿಸಿ ಕೇಳಿದೆ. ಸೀರೆಯ ಅಂಚು, ಹೂವಿನ ಬಣ್ಣ, ದೀಪಗಳ ಸೊಬಗು, ಎಲ್ಲವೂ ಮನೋಹರವಾಗಿ ಬಂದಿತ್ತು. "ಹುಳಿ ಸಾಕಾಯಿತೇ? ಬೀಗರು ಯಾರೂ ಮುನಿಯಲಿಲ್ಲವೇ?" ಎಂದೆ. ಆಕೆ ನಕ್ಕಳು. ಮುನಿದಿದ್ದರಂತೆ, ಚೆನ್ನಾಗಿಯೇ ಮುನಿದಿದ್ದರಂತೆ. ವರನ ದೊಡ್ಡಪ್ಪನವರು ಕಾರಿನಲ್ಲಿ ಕುಳಿತವರು ಇಳಿಯಲೇ ಇಲ್ಲವಂತೆ. "ಅದನ್ನೆಲ್ಲ ಬರೆಯೋ ಹಾಗಿಲ್ಲ ತಾತಾ. ಸೀರೆಯ ಅಂಗಡಿಯವರು, ಹೂವಿನವರು, ಮದುವೆಮನೆಯವರು, ಇವರೇ ತಾನೇ ನಮಗೆ ದುಡ್ಡು ಕೊಡೋರು?" ಮಾವಂದಿರಿಗೂ ತಾಂಬೂಲದ ಜೊತೆಗೆ ಪಂಚೆಯೊಂದು ಸಲ್ಲುತ್ತಿತ್ತು, ಆದರೆ ಅವರ ಪುಸ್ತಕ ಮದುವೆಯಾದ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತಾಗಿ, ಅಂಚಿನ ಮಾತಿಗೆ ಯಾರೂ ನೊಂದುಕೊಳ್ಳುತ್ತಿರಲಿಲ್ಲ. ಲೋಕವೆಲ್ಲ ಓದುವ ಬರಹಕ್ಕೆ ಅಂಚೆಂಬುದೇ ಇಲ್ಲ. ಆ ದೊಡ್ಡಪ್ಪನವರ ಪ್ರಸಂಗವನ್ನು ಮಾತ್ರ ಆಕೆ ಅಭಿನಯಸಹಿತವಾಗಿ ಹೇಳಿದಳು. ಮೆಟ್ಟಿಲ ಮೇಲೆ ಕುಳಿತು ಕಂಡದ್ದಂತೆ. ವಧುವಿನ ಕೋಣೆಯಿಂದ ಓಡಿಸಿದ್ದು ಒಳ್ಳೆಯದೇ ಆಯಿತು. ಹಸಿರು ಗಿಡದ ಬಿಳಿಯ ಕೋಣೆಯಲ್ಲಿ ಕುಳಿತವಳಿಗೆ ಈ ದೃಶ್ಯ ಸಿಕ್ಕುತ್ತಿತ್ತೇ?

ಮದುವೆಯನ್ನು ಬರೆಯುವವರಿಗೆ ತಕ್ಕ ಸ್ಥಾನ ಉಗ್ರಾಣದ ಬಾಗಿಲೇ ಎಂಬುದು ನನ್ನ ನಿಶ್ಚಿತ ಮತ. ಆದುದರಿಂದ ಹೊಸ ಛತ್ರಗಳನ್ನು ಕಟ್ಟಿಸುತ್ತಿರುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ವಧುವಿಗೊಂದು, ವರನಿಗೊಂದು, ಪುರೋಹಿತರಿಗೊಂದು, ಅಡುಗೆಯವರಿಗೊಂದು, ಕಾರಿನ ಚಾಲಕರಿಗೊಂದು ಕೋಣೆ ಮಾಡಿಸುತ್ತೀರಿ. ಉಗ್ರಾಣದ ಪಕ್ಕದಲ್ಲಿ, ಊಟದ ಮನೆಯ ದಾರಿ ಕಾಣುವಂತೆ, ಬರೆಯುವವರಿಗೆಂದು ನಾಲ್ಕಡಿ ಅಗಲದ ಒಂದು ಜಗಲಿಯನ್ನೂ ಹಾಕಿಸಿರಿ. ಮೇಜು ಕುರ್ಚಿ ಬೇಡ. ಬಾಡಿಗೆಯನ್ನು ಮಾತ್ರ ಆ ನೆವದಲ್ಲಿ ಏರಿಸಬೇಡಿರಿ.